ಒಂದು ಚಮಚ ದ್ರವದ ಕೆಲಸ

ಗೇರು ಬೀಳದೆ ಕರಕರ ಸದ್ದು ಮಾಡುವ ಕಾರನ್ನು ಗ್ಯಾರೇಜಿಗೆ ತಂದವರಿಗೆ ಅನೇಕ ಬಾರಿ ಸಿಗುವ ಉತ್ತರ ಒಂದೇ: 'ಕ್ಲಚ್ ಪ್ಲೇಟ್ ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸಬೇಕು.' ಗೇರ್ ಬಾಕ್ಸ್ ಇಳಿಸುವುದೆಂದರೆ ಹೆಚ್ಚುಕಡಿಮೆ ಒಂದು ದಿನದ ಕೆಲಸ, ಸಾವಿರಾರು ರೂಪಾಯಿಯ ಖರ್ಚು. ಬಾಡಿಗೆ ಕಾರು ಓಡಿಸಿ ಸಂಸಾರ ತೂಗಿಸುವವನಿಗೆ ಇದರ ಜೊತೆಗೆ ಆ ದಿನದ ದುಡಿಮೆಯೂ ಖೋತಾ. ಇಷ್ಟೆಲ್ಲ ಆಗಿ, ಹೊಸ ಪ್ಲೇಟು ಹಾಕಿ ಜೋಡಿಸಿದ ಮೇಲೂ ಗೇರು ಮತ್ತೆ ಕರಕರ ಎಂದರೆ? ಆಗ ಗೊತ್ತಾಗುತ್ತದೆ, ದೋಷ ಪ್ಲೇಟಿನಲ್ಲಿ ಇರಲೇ ಇಲ್ಲ, ಪೆಡಲಿನ ಹಿಂದಿರುವ ಸಣ್ಣ ಸಿಲಿಂಡರಿನೊಳಗಿನ ಒಂದು ರಬ್ಬರ್ ವಾಷರಿನಲ್ಲಿ ಇತ್ತು ಎಂದು.

ಈ ಬಗೆಯ ತಪ್ಪು ತೀರ್ಮಾನಕ್ಕೆ ಮೆಕ್ಯಾನಿಕ್‌ನ ಅಜ್ಞಾನ ಅಥವಾ ಆಸೆಯಷ್ಟೇ ಕಾರಣವಲ್ಲ. ಇಂದಿನ ಬಹಳಷ್ಟು ಕಾರುಗಳ ಕ್ಲಚ್ಚಿನಲ್ಲಿ ಎರಡು ಬೇರೆ ಬೇರೆ ಚರಿತ್ರೆಗಳು ಬಂದು ಸೇರಿವೆ. ಒಂದು ಘರ್ಷಣೆಯ ಚರಿತ್ರೆ, ಇನ್ನೊಂದು ದ್ರವದ ಒತ್ತಡದ ಚರಿತ್ರೆ. ಎರಡೂ ಕೆಟ್ಟಾಗ ಚಾಲಕನಿಗೆ ಕಾಣುವ ಲಕ್ಷಣಗಳು ಕೆಲವೊಮ್ಮೆ ಒಂದೇ ಆಗಿರುತ್ತವೆ. ಅವನ್ನು ಬೇರ್ಪಡಿಸಿ ನೋಡಬೇಕಾದರೆ ಅವು ಹೇಗೆ ಕೂಡಿಕೊಂಡವು ಎಂಬುದನ್ನು ತಿಳಿಯುವುದು ಒಳ್ಳೆಯದು.

ಬೆಲ್ಟಿನಿಂದ ಪ್ಲೇಟಿಗೆ

ಹಬೆಯಂತ್ರ ನಿಂತಲ್ಲಿಂದಲೇ ಭಾರ ಎಳೆಯಬಲ್ಲದು. ಪೆಟ್ರೋಲ್ ಎಂಜಿನ್ನಿಗೆ ಆ ಶಕ್ತಿ ಇಲ್ಲ. ಅದು ಮೊದಲು ತಾನು ತಿರುಗುತ್ತಿರಬೇಕು, ಆಮೇಲೆ ಮೆಲ್ಲಗೆ ಗಾಲಿಗಳ ಜೊತೆ ಕೂಡಿಕೊಳ್ಳಬೇಕು. ಹಾಗೆ ಕೂಡಿಸುವ, ಬೇಕೆಂದಾಗ ಬಿಡಿಸುವ ಸಾಧನವೇ ಕ್ಲಚ್.

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ಬಂಡಿಯಲ್ಲಿ ಈ ಕೆಲಸವನ್ನು ಒಂದು ಬೆಲ್ಟ್ ಮಾಡುತ್ತಿತ್ತು. ಸುಮ್ಮನೆ ತಿರುಗುವ ಗಾಲಿಯ ಮೇಲಿದ್ದ ಬೆಲ್ಟನ್ನು ಪಕ್ಕದ ಗಟ್ಟಿ ಗಾಲಿಯ ಮೇಲಕ್ಕೆ ಸರಿಸಿದರೆ ಬಂಡಿ ಹೊರಡುತ್ತಿತ್ತು. ಹಳೆಯ ಹಿಟ್ಟಿನ ಗಿರಣಿಗಳಲ್ಲಿ ಕೋಲಿನಿಂದ ಬೆಲ್ಟನ್ನು ಅತ್ತಿತ್ತ ತಳ್ಳಿ ಕಲ್ಲನ್ನು ತಿರುಗಿಸುತ್ತಿದ್ದುದನ್ನು ಕಂಡವರಿಗೆ ಇದು ಹೊಸದೆನಿಸದು.

ಆಮೇಲೆ ಬಂದದ್ದು ಚರ್ಮ ಹೊದಿಸಿದ ಶಂಕುವಿನಾಕಾರದ ಕ್ಲಚ್. ಚರ್ಮ ಒಣಗಿದರೆ ಗಬಕ್ಕನೆ ಹಿಡಿದು ಬಂಡಿ ನೆಗೆಯುತ್ತಿತ್ತು, ಎಣ್ಣೆ ಕುಡಿದರೆ ಜಾರುತ್ತಿತ್ತು. ಆದ್ದರಿಂದ ಆ ಕಾಲದ ಚಾಲಕ ಒಮ್ಮೆ ಚರ್ಮಕ್ಕೆ ಎಣ್ಣೆ ಸವರಿ ಮೆತ್ತಗೆ ಮಾಡುತ್ತಿದ್ದ, ಇನ್ನೊಮ್ಮೆ ಜಿಗುಟು ಹೀರುವ ಜೇಡಿಪುಡಿಯನ್ನು ಉದುರಿಸುತ್ತಿದ್ದ. ಕ್ಲಚ್ಚಿನ ರೋಗಪರೀಕ್ಷೆ ಎಂಬ ವಿದ್ಯೆ ಹುಟ್ಟಿದ್ದು ಅಲ್ಲಿಂದಲೇ ಎನ್ನಬಹುದು.

ಚರ್ಮದ ಜಾಗಕ್ಕೆ ಬೇರೊಂದು ವಸ್ತು ತಂದವರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಮುಖ್ಯ. ಡರ್ಬಿಶೈರ್‌ನ ಗುಡ್ಡಗಾಡಿನಲ್ಲಿ ಗಾಡಿಯವರು ಇಳಿಜಾರಿನಲ್ಲಿ ಬ್ರೇಕಿನ ಮರಕ್ಕೆ ಹಳೆಯ ಬೂಟಿನ ಚೂರುಗಳನ್ನು ಹೊಡೆದು ಬಳಸುವುದನ್ನು ಕಂಡು ಆತ 1897ರಲ್ಲಿ ಘರ್ಷಣೆ ವಸ್ತುಗಳ ತಯಾರಿಕೆಗೆ ಕೈಹಾಕಿದ. ತನ್ನ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ, ಹೆಂಡತಿ ಎಲಿಜಬೆತ್‌ಳ ಹೆಸರಿನ ಮೊದಲ ಅಕ್ಷರವನ್ನೂ ಸೇರಿಸಿ 'ಫೆರೋಡೊ' ಎಂದು ಹೆಸರಿಟ್ಟ. ಮುಂದೆ ಕಾವು ತಡೆಯುವ ಆಸ್‌ಬೆಸ್ಟಾಸ್ ನೂಲು ಬ್ರೇಕು, ಕ್ಲಚ್ಚುಗಳಿಗೆಲ್ಲ ಬಂತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ ಎಂಬುದು ಜಗತ್ತಿಗೆ ಮನದಟ್ಟಾಗುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ಯುರೋಪ್ ಒಕ್ಕೂಟದಲ್ಲಿ ಅದರ ಬಳಕೆ ಪೂರ್ತಿ ನಿಷೇಧವಾದದ್ದು 2005ರಲ್ಲಿ. ಹಳೆಯ ಪ್ಲೇಟಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ಪಾಸ್ಕಲ್, ಬ್ರಾಮಾ ಮತ್ತು ಒಂದು ಚರ್ಮದ ಬಟ್ಟಲು

ಎರಡನೆಯ ಚರಿತ್ರೆ ಇದಕ್ಕಿಂತ ಬಹಳ ಹಳೆಯದು. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ದ್ರವಗಳ ಸಮತೋಲ ಕುರಿತು ಬರೆದ ಪುಸ್ತಕ ಪ್ರಕಟವಾದದ್ದು ಆತ ತೀರಿಕೊಂಡ ಮರುವರ್ಷ, 1663ರಲ್ಲಿ. ನೀರು ತುಂಬಿದ ಪಾತ್ರೆಗೆ ಎರಡು ಬಾಯಿಗಳಿದ್ದು, ಒಂದು ಇನ್ನೊಂದಕ್ಕಿಂತ ನೂರು ಪಟ್ಟು ದೊಡ್ಡದಾಗಿದ್ದರೆ, ಚಿಕ್ಕ ಬಾಯಿಯನ್ನು ಒತ್ತುವ ಒಬ್ಬ ಮನುಷ್ಯ ದೊಡ್ಡ ಬಾಯಿಯಲ್ಲಿ ನೂರು ಮಂದಿಗೆ ಸಮನಾಗುತ್ತಾನೆ ಎಂದು ಆತ ತೋರಿಸಿದ. ಆದರೆ ಇದರಲ್ಲಿ ಪುಕ್ಕಟೆ ಲಾಭವೇನೂ ಇಲ್ಲ. ಬಲ ಎಷ್ಟು ಪಟ್ಟು ಹೆಚ್ಚುತ್ತದೆಯೋ ಚಲನೆ ಅಷ್ಟೇ ಪಟ್ಟು ಕಡಿಮೆಯಾಗುತ್ತದೆ. ಇಂದಿನ ಕ್ಲಚ್ಚಿನ ಬಹುಪಾಲು ಕಾಯಿಲೆಗಳ ಗುಟ್ಟು ಈ ಎರಡನೆಯ ಮಾತಿನಲ್ಲಿದೆ.

ಪಾಸ್ಕಲನ ತತ್ವವನ್ನು ಕಾರ್ಖಾನೆಗೆ ಇಳಿಸಿದವನು ಲಂಡನ್ನಿನ ಜೋಸೆಫ್ ಬ್ರಾಮಾ. ಬೀಗಗಳಿಗೆ ಹೆಸರಾಗಿದ್ದ ಆತ 1795ರಲ್ಲಿ ದ್ರವಶಕ್ತಿಯ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಯಂತ್ರವೇನೋ ಸರಿ, ಆದರೆ ಒತ್ತಡ ಏರಿದಂತೆ ಕೊಳವೆ ಮತ್ತು ಕೊಂತದ ನಡುವಿನ ಸಂದಿಯಲ್ಲಿ ನೀರು ಚಿಮ್ಮುತ್ತಿತ್ತು. ಸೋರದಂತೆ ಬಿಗಿ ಮಾಡಿದರೆ ಕೊಂತವೇ ಅಲುಗುತ್ತಿರಲಿಲ್ಲ.

ಈ ಬಿಕ್ಕಟ್ಟನ್ನು ಬಿಡಿಸಿದವನು ಬ್ರಾಮಾನ ಕಮ್ಮಟದಲ್ಲಿ ಕೂಲಿಗಿದ್ದ ಹೆನ್ರಿ ಮಾಡ್‌ಸ್ಲೆ ಎಂದು ಮುಂದೆ ಆತನ ಕೈಕೆಳಗೆ ಕೆಲಸ ಮಾಡಿದ ಜೇಮ್ಸ್ ನಾಸ್ಮಿತ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಮಾಡ್‌ಸ್ಲೆಯ ಉಪಾಯ ಸರಳ. ಬಟ್ಟಲಿನಂತೆ ಮಡಿಸಿದ ಚರ್ಮದ ಪಟ್ಟಿಯ ಬಾಯಿಯನ್ನು ನೀರಿನ ಕಡೆಗೆ ತಿರುಗಿಸಿ ಕೂರಿಸುವುದು. ನೀರು ಒತ್ತಿದಷ್ಟೂ ಬಟ್ಟಲಿನ ಅಂಚು ಅಗಲಿಕೊಂಡು ಗೋಡೆಗೆ ಅಂಟುತ್ತದೆ. ಒತ್ತಡ ಇಳಿದಾಗ ತಾನೇ ಸಡಿಲಗೊಳ್ಳುತ್ತದೆ. ಸೋರಿಸಲು ಹೊರಟ ಒತ್ತಡವನ್ನೇ ಸೋರಿಕೆ ತಡೆಯಲು ಬಳಸಿಕೊಂಡ ಜಾಣ್ಮೆ ಇದು. ವಾರಕ್ಕೆ 30 ಶಿಲಿಂಗ್ ಪಡೆಯುತ್ತಿದ್ದ ಮಾಡ್‌ಸ್ಲೆ ಸಂಬಳ ಹೆಚ್ಚಿಸಲು ಕೇಳಿದಾಗ ಬ್ರಾಮಾ ಒಪ್ಪಲಿಲ್ಲ. 1797ರಲ್ಲಿ ಆತ ಕೆಲಸ ಬಿಟ್ಟು ಸ್ವಂತ ಕಮ್ಮಟ ತೆರೆದ. ಯಂತ್ರೋಪಕರಣಗಳ ಚರಿತ್ರೆಯಲ್ಲಿ ಇಂದು ಆತನ ಹೆಸರು ಯಜಮಾನನ ಹೆಸರಿಗಿಂತ ಕಡಿಮೆಯೇನಲ್ಲ.

ಚರ್ಮದಿಂದ ರಬ್ಬರಿಗೆ

ಈ ಒತ್ತುಯಂತ್ರದ ತತ್ವ ಮೋಟಾರು ಬಂಡಿಗೆ ಬಂದದ್ದು ಬ್ರೇಕಿನ ಮೂಲಕ. ಅಮೆರಿಕದ ಮಾಲ್ಕಮ್ ಲಾಗ್‌ಹೆಡ್ ಎಂಬಾತ ನಾಲ್ಕೂ ಗಾಲಿಗೆ ಸಮನಾದ ಒತ್ತಡ ಮುಟ್ಟಿಸುವ ದ್ರವ ಬ್ರೇಕನ್ನು ರೂಪಿಸಿದ. ಈತನೂ ಈತನ ಸೋದರನೂ ವಿಮಾನ ಕಟ್ಟಿ ಹೆಸರಾದವರು. ಜನ ತಮ್ಮ ಹೆಸರನ್ನು ತಪ್ಪಾಗಿ ಉಚ್ಚರಿಸುವುದನ್ನು ಕೇಳಿ ಬೇಸತ್ತು ಅದನ್ನು 'ಲಾಕ್‌ಹೀಡ್' ಎಂದು ಬದಲಿಸಿಕೊಂಡರು. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕು ಗಾಲಿಯ ದ್ರವ ಬ್ರೇಕು ಮಾರುಕಟ್ಟೆಗೆ ಬಂತು. 1924ರಲ್ಲಿ ವಾಲ್ಟರ್ ಕ್ರೈಸ್ಲರ್‌ನ ಕಾರು ಅದನ್ನು ಮಧ್ಯಮ ಬೆಲೆಗೆ ತಂದಿತು. ಅಷ್ಟರಲ್ಲಿ ಕ್ರೈಸ್ಲರ್‌ನ ತಂತ್ರಜ್ಞರು ಸೋರುತ್ತಿದ್ದ ಚರ್ಮದ ಬಟ್ಟಲನ್ನು ತೆಗೆದು ರಬ್ಬರಿನ ಬಟ್ಟಲನ್ನು ಕೂರಿಸಿದ್ದರು. ಆದರೂ ದ್ರವವನ್ನು ನಂಬದವರು ಇದ್ದರು. ಉಕ್ಕಿನ ಸರಳು, ತಂತಿಗಳನ್ನೇ ನೆಚ್ಚಿಕೊಂಡಿದ್ದ ಹೆನ್ರಿ ಫೋರ್ಡ್ ದ್ರವ ಬ್ರೇಕನ್ನು ಒಪ್ಪಿಕೊಂಡದ್ದು 1939ರ ಮಾದರಿಗಳಲ್ಲಿ.

ರಬ್ಬರ್ ಬಂದ ಮೇಲೆ ದ್ರವ ಯಾವುದು ಎಂಬ ಪ್ರಶ್ನೆ ಎದ್ದಿತು. ನೀರು ತುಕ್ಕು ತರುತ್ತದೆ, ಚಳಿ ದೇಶಗಳಲ್ಲಿ ಹೆಪ್ಪುಗಟ್ಟುತ್ತದೆ. ಭೂಗರ್ಭದಿಂದ ಬರುವ ಎಣ್ಣೆ ತಗಲಿದರೆ ಸಹಜ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ರಬ್ಬರಿಗೆ ಕೇಡು ಮಾಡದ ಎಣ್ಣೆಯಾಗಿ ಒದಗಿಬಂದದ್ದು ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲೂ ಬೆಳೆಯುವ ಹರಳಿನ ಎಣ್ಣೆ! ಹರಳೆಣ್ಣೆಗೆ ಆಲ್ಕೊಹಾಲ್ ಬೆರೆಸಿದ ದ್ರವವೇ ಬಹುಕಾಲ ಬ್ರೇಕುಗಳಲ್ಲಿ ಓಡಾಡಿತು. ಬಳಿಕ ಹೆಚ್ಚು ಕಾವು ತಡೆಯುವ ಗ್ಲೈಕಾಲ್ ಜಾತಿಯ ದ್ರವಗಳು ಅದರ ಸ್ಥಾನಕ್ಕೆ ಬಂದವು. ಈಗಲೂ ಗ್ಯಾರೇಜಿನವರು ಇದನ್ನು 'ಬ್ರೇಕ್ ಆಯಿಲ್' ಎಂದೇ ಕರೆಯುತ್ತಾರೆ. ನಿಜವಾಗಿ ಅದು ಎಣ್ಣೆಯಲ್ಲ. ಆ ಹೆಸರನ್ನು ನಂಬಿ ಎಂಜಿನ್ ಆಯಿಲ್ ಸುರಿದವರ ಕಾರಿನಲ್ಲಿ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಬ್ರೇಕಿನಲ್ಲಿ ಪಳಗಿದ ದ್ರವ 1950ರ ದಶಕದಲ್ಲಿ ಕ್ಲಚ್ಚಿಗೂ ಹೆಚ್ಚು ಹೆಚ್ಚಾಗಿ ಹರಿಯತೊಡಗಿತು. ಅದಕ್ಕೆ ಕಾರಣವಿತ್ತು. ಎಂಜಿನ್ನನ್ನು ರಬ್ಬರ್ ದಿಂಬುಗಳ ಮೇಲೆ ಕೂರಿಸುವ ಪದ್ಧತಿ ಬಂದಮೇಲೆ ಅದು ಅತ್ತಿತ್ತ ತೂಗತೊಡಗಿತು. ಪೆಡಲ್ ಇರುವುದು ಕಾರಿನ ಮೈಯಲ್ಲಿ, ಕ್ಲಚ್ ಇರುವುದು ತೂಗುವ ಎಂಜಿನ್ನಿನಲ್ಲಿ. ಇವೆರಡರ ನಡುವೆ ಸರಳುಗಳಿದ್ದರೆ ಎಂಜಿನ್ ತೂಗಿದಾಗಲೆಲ್ಲ ಕ್ಲಚ್ ತಾನೇ ಎಳೆದುಕೊಂಡು ಕಾರು ಅದುರುತ್ತಿತ್ತು. ಬಾಗುವ ಕೊಳವೆಗೆ ಆ ತೊಂದರೆ ಇಲ್ಲ. ಅಲೆಕ್ ಇಸಿಗೋನಿಸ್ 1959ರಲ್ಲಿ ಎಂಜಿನ್ನನ್ನು ಅಡ್ಡಡ್ಡ ಕೂರಿಸಿ ರೂಪಿಸಿದ 'ಮಿನಿ' ಕಾರಿನಲ್ಲೂ ದ್ರವದ ಕ್ಲಚ್ಚೇ ಇತ್ತು. ಭಾರತದಲ್ಲಿ 1983ರ ಕೊನೆಗೆ ಬಂದ ಮಾರುತಿ 800 ಸರಳವಾದ ಕೇಬಲ್ಲನ್ನು ನೆಚ್ಚಿಕೊಂಡಿತು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗಿ 2005ರಲ್ಲಿ ರಸ್ತೆಗಿಳಿದು ಬಾಡಿಗೆ ಚಾಲಕರ ಅಚ್ಚುಮೆಚ್ಚಾದ ಟೊಯೊಟಾ ಇನೋವಾದ ಕ್ಲಚ್ ದ್ರವದ್ದು.

ಆರು ಘನ ಸೆಂಟಿಮೀಟರ್

ಪೆಡಲ್ ಒತ್ತಿದಾಗ ನಡೆಯುವುದೇನು? ಲೆಕ್ಕಕ್ಕೆ ಒಂದು ಸಾಮಾನ್ಯ ಉದಾಹರಣೆ ತೆಗೆದುಕೊಳ್ಳಬಹುದು. ಪೆಡಲ್ 150 ಮಿ.ಮೀ. ಇಳಿಯುತ್ತದೆ. ಅದರ ಸನ್ನೆ 5ಕ್ಕೆ 1 ಇದ್ದರೆ ಮಾಸ್ಟರ್ ಸಿಲಿಂಡರಿನ ಕೊಂತ 30 ಮಿ.ಮೀ. ಸರಿಯುತ್ತದೆ. ಆ ಸಿಲಿಂಡರಿನ ಒಳವ್ಯಾಸ 16 ಮಿ.ಮೀ. ಆದರೆ ಅದು ತಳ್ಳುವ ದ್ರವ ಸುಮಾರು 6 ಘನ ಸೆಂ.ಮೀ., ಎಂದರೆ ಒಂದು ಚಹಾ ಚಮಚಕ್ಕಿಂತ ತುಸು ಹೆಚ್ಚು. ಅಷ್ಟು ದ್ರವ ಗೇರ್ ಬಾಕ್ಸಿನ ಬಳಿಯಿರುವ, 19 ಮಿ.ಮೀ. ವ್ಯಾಸದ ಸ್ಲೇವ್ ಸಿಲಿಂಡರಿಗೆ ಹೋಗಿ ಅದರ ಕೊಂತವನ್ನು ಸುಮಾರು 21 ಮಿ.ಮೀ. ತಳ್ಳುತ್ತದೆ. ಆ ಕೊಂತ ಫೋರ್ಕನ್ನು ತಳ್ಳಿ, ಫೋರ್ಕು ಬೇರಿಂಗನ್ನು ತಳ್ಳಿ, ಬೇರಿಂಗು ತಟ್ಟೆಯಂಥ ಸ್ಪ್ರಿಂಗನ್ನು ಒತ್ತಿದಾಗ ಪ್ಲೇಟು ಬಿಡುಗಡೆಯಾಗುತ್ತದೆ.

ಅಂದರೆ ಇಡೀ ಕೆಲಸ ನಡೆಯುವುದು ಒಂದು ಚಮಚ ದ್ರವದಿಂದ. ಅದರಲ್ಲಿ 2 ಘನ ಸೆಂ.ಮೀ. ವಾಷರಿನ ಪಕ್ಕದಲ್ಲಿ ನುಸುಳಿದರೆ, ಅಥವಾ ಒಳಸೇರಿದ ಗಾಳಿಯನ್ನು ಹಿಚುಕುವುದರಲ್ಲೇ ವ್ಯರ್ಥವಾದರೆ, ಚಲನೆಯ ಮೂರರಲ್ಲಿ ಒಂದು ಪಾಲು ಹೋಯಿತು. ಪಾಸ್ಕಲ್ ಹೇಳಿದಂತೆ ಬಲಕ್ಕಾಗಿ ಚಲನೆಯನ್ನು ಮೊದಲೇ ಮಾರಿಕೊಂಡಾಗಿದೆ, ಕಳೆದುಕೊಳ್ಳಲು ಹೆಚ್ಚುವರಿ ಏನೂ ಉಳಿದಿಲ್ಲ. ಪ್ಲೇಟು ಪೂರ್ತಿ ಬಿಡುವುದಿಲ್ಲ, ಗೇರು ಕರಕರ ಎನ್ನುತ್ತದೆ.

ರೋಗ ಎಲ್ಲಿದೆ?

ಅನುಭವಸ್ಥ ಮೆಕ್ಯಾನಿಕ್ ಮೊದಲು ಕೇಳುವ ಪ್ರಶ್ನೆ: ಕ್ಲಚ್ ಹಿಡಿಯುತ್ತಿಲ್ಲವೋ, ಬಿಡುತ್ತಿಲ್ಲವೋ? ಏರಿನಲ್ಲಿ ಎಂಜಿನ್ ಭೋರ್ಗರೆದರೂ ಕಾರಿನ ವೇಗ ಏರದಿದ್ದರೆ, ಸುಟ್ಟ ವಾಸನೆ ಬಂದರೆ ಕ್ಲಚ್ ಹಿಡಿಯುತ್ತಿಲ್ಲ. ಇದು ಹೆಚ್ಚಾಗಿ ಪ್ಲೇಟು ಸವೆದ ಅಥವಾ ಅದಕ್ಕೆ ಎಣ್ಣೆ ತಗಲಿದ ಲಕ್ಷಣ. ಎಂಜಿನ್ ನಿಂತಿರುವಾಗ ಸಲೀಸಾಗಿ ಬೀಳುವ ಗೇರು ಎಂಜಿನ್ ಓಡುವಾಗ ಬೀಳದಿದ್ದರೆ, ರಿವರ್ಸ್ ಹಾಕುವಾಗ ಹಲ್ಲು ಕಡಿದರೆ ಕ್ಲಚ್ ಬಿಡುತ್ತಿಲ್ಲ. ಆಗ ಗೇರ್ ಬಾಕ್ಸಿಗೆ ಕೈ ಹಾಕುವ ಮುನ್ನ ದ್ರವದ ದಾರಿಯನ್ನು ನೋಡಬೇಕು.

ಪೆಡಲನ್ನು ನಾಲ್ಕೈದು ಸಲ ಬೇಗಬೇಗ ಒತ್ತಿದಾಗ ಗೇರು ಸಲೀಸಾಗಿ ಬಿದ್ದರೆ ಪ್ಲೇಟು ನಿರಪರಾಧಿ. ದ್ರವದಲ್ಲಿ ಗಾಳಿ ಸೇರಿದೆ ಅಥವಾ ವಾಷರ್ ಸವೆದಿದೆ. ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿ ನಿಂತಾಗ ಕಾರು ಮೆಲ್ಲಗೆ ಮುಂದಕ್ಕೆ ತೆವಳಿದರೆ, ಹೊರಗೆಲ್ಲೂ ಹನಿ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗೇ ದ್ರವ ವಾಷರನ್ನು ದಾಟಿ ಹಿಂದಕ್ಕೆ ನುಸುಳುತ್ತಿದೆ. ಡಬ್ಬಿಯಲ್ಲಿ ಮಟ್ಟ ಇಳಿಯದಿರುವುದರಿಂದ ಜನ ಮೋಸಹೋಗುವುದು ಇಲ್ಲಿಯೇ.

ಮಟ್ಟದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಬ್ರೇಕಿನಲ್ಲಿ ಪ್ಯಾಡು ಸವೆದಂತೆ ಡಬ್ಬಿಯ ದ್ರವ ಇಳಿಯುತ್ತದೆ. ಕ್ಲಚ್ಚಿನಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಪ್ಲೇಟು ಸವೆದಂತೆ ಸ್ಪ್ರಿಂಗಿನ ಬೆರಳುಗಳು ಹೊರಕ್ಕೆ ಬಂದು ಸ್ಲೇವ್ ಸಿಲಿಂಡರಿನ ಕೊಂತವನ್ನು ಹಿಂದಕ್ಕೆ ತಳ್ಳುತ್ತವೆ, ದ್ರವದ ಮಟ್ಟ ತುಸು ಏರುತ್ತದೆ. ಆದ್ದರಿಂದ ಕ್ಲಚ್ಚಿಗೆ ಪ್ರತ್ಯೇಕ ಡಬ್ಬಿ ಇರುವ ಕಾರಿನಲ್ಲಿ ಮಟ್ಟ ಇಳಿದಿದ್ದರೆ ಅದಕ್ಕೆ ಸವೆತ ಕಾರಣವಲ್ಲ, ಎಲ್ಲೋ ಸೋರುತ್ತಿದೆ. ಪೆಡಲಿನ ಮೇಲ್ಭಾಗದಲ್ಲಿ, ಕಾಲಿಡುವ ಜಾಗದ ಚಾಪೆಯ ಕೆಳಗೆ, ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯೊಳಗೆ ಒದ್ದೆ ಇದೆಯೇ ಎಂದು ನೋಡಬೇಕು.

ಮುಂದಿನ ಪರೀಕ್ಷೆಗೆ ಇಬ್ಬರು ಬೇಕು. ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಎಂಜಿನ್ ನಿಲ್ಲಿಸಿ, ಗಾಲಿಗಳಿಗೆ ಅಡ್ಡ ಕೊಟ್ಟು ಒಬ್ಬ ಪೆಡಲ್ ಒತ್ತುತ್ತಾನೆ, ಇನ್ನೊಬ್ಬ ಸ್ಲೇವ್ ಸಿಲಿಂಡರಿನ ಕೊಂತ ಎಷ್ಟು ಸರಿಯುತ್ತದೆ ಎಂದು ಅಳೆಯುತ್ತಾನೆ. ಕೈಪಿಡಿಯಲ್ಲಿ ಹೇಳಿದಷ್ಟು ಸರಿದರೆ ದ್ರವದ ದಾರಿ ಸರಿಯಿದೆ, ದೋಷ ಒಳಗಿನ ಫೋರ್ಕು, ಸ್ಪ್ರಿಂಗು ಅಥವಾ ಪ್ಲೇಟಿನದು. ಗೇರ್ ಬಾಕ್ಸ್ ಇಳಿಸಲು ಆಗ ಮಾತ್ರ ನ್ಯಾಯವಾದ ಕಾರಣ ಸಿಕ್ಕಂತೆ. ಸರಿಯದಿದ್ದರೆ ಮಾಸ್ಟರ್ ಸಿಲಿಂಡರಿನ ಹೊರದಾರಿಗೆ ಬಿರಡೆ ಬಿಗಿದು ಪೆಡಲನ್ನು ಹದವಾಗಿ ಒತ್ತಿ ನೋಡುತ್ತಾರೆ. ಪೆಡಲ್ ಕಲ್ಲಿನಂತೆ ನಿಂತರೆ ಮಾಸ್ಟರ್ ಗಟ್ಟಿಯಾಗಿದೆ, ದೋಷ ಅದರಾಚೆ. ಮೆಲ್ಲಗೆ ಕುಸಿದರೆ ದೋಷ ಅಲ್ಲಿಯೇ.

ದ್ರವ ಹೋಗುತ್ತದೆ, ಆದರೆ ಹಿಂದಿರುಗುವುದಿಲ್ಲ ಎಂಬ ಕಾಯಿಲೆಯೂ ಉಂಟು. ಹಳೆಯ ಕೊಳವೆಯ ಒಳಪದರ ಊದಿಕೊಂಡರೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೂಜಿಗಾತ್ರದ ಮರುದಾರಿ ಕೊಳೆಯಿಂದ ಮುಚ್ಚಿದರೆ ಒತ್ತಡ ಒಳಗೇ ಉಳಿಯುತ್ತದೆ. ಯಾರೂ ಪೆಡಲ್ ಮೆಟ್ಟದಿದ್ದರೂ ಕ್ಲಚ್ ಅರೆ ಬಿಟ್ಟಂತೆಯೇ ಇದ್ದು ಜಾರುತ್ತದೆ. ಹಾಗಾಗಿ ಜಾರುವ ಕ್ಲಚ್ಚಿಗೂ ಪ್ಲೇಟೇ ಕಾರಣ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಗಾಳಿ ತೆಗೆಯುವ ತಿರುಪನ್ನು ಸಡಿಲಿಸಿದೊಡನೆ ದ್ರವ ಚಿಮ್ಮಿ ಕ್ಲಚ್ ಹಿಡಿದುಕೊಂಡರೆ ಉತ್ತರ ಸಿಕ್ಕಿತು.

ಇತ್ತೀಚಿನ ಅನೇಕ ಕಾರುಗಳಲ್ಲಿ ಸ್ಲೇವ್ ಸಿಲಿಂಡರು ಬಳೆಯಂತೆ ಗೇರ್ ಬಾಕ್ಸಿನ ಮುಂಭಾಗದೊಳಗೇ ಅಡಗಿರುತ್ತದೆ. ಅದು ಸೋರಿದರೆ ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ಅಂಥ ಕಾರಿನಲ್ಲಿ ಪ್ಲೇಟು ಬದಲಿಸುವಾಗಲೇ ಅದನ್ನೂ ಬದಲಿಸುವುದು ಜಾಣತನ.

ಬ್ರೇಕಿನೊಡನೆ ನಂಟು

ಕ್ಲಚ್ ಕೆಟ್ಟರೆ ಕಾರು ನಿಲ್ಲುತ್ತದೆ, ಪ್ರಾಣಕ್ಕೇನೂ ಅಪಾಯವಿಲ್ಲ ಎಂದುಕೊಳ್ಳುವವರುಂಟು. ಆದರೆ ಈಗ ಬಹಳಷ್ಟು ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ದ್ರವದ ಡಬ್ಬಿ ಒಂದೇ. ಕ್ಲಚ್ಚಿನ ಕೊಳವೆಯನ್ನು ಡಬ್ಬಿಯ ಎತ್ತರದಲ್ಲಿ ಜೋಡಿಸಿ, ಅದು ಸೋರಿದರೂ ಬ್ರೇಕಿನ ಪಾಲು ತಳದಲ್ಲಿ ಉಳಿಯುವಂತೆ ಸಾಮಾನ್ಯವಾಗಿ ಏರ್ಪಾಡು ಮಾಡಿರುತ್ತಾರೆ. ಆ ಉಳಿಕೆಯೇ ಕೊನೆಯ ರಕ್ಷಣೆ. ಪೆಡಲ್ ಮೆತ್ತಗಾದಾಗ 'ಇನ್ನೊಂದು ವಾರ ಓಡಲಿ' ಎಂದು ತಳ್ಳುವವನು ಘಾಟಿ ಇಳಿಯುವಾಗ ಆ ಉಳಿಕೆಯನ್ನೇ ನಂಬಿರುತ್ತಾನೆ.

ಗ್ಲೈಕಾಲ್ ದ್ರವಕ್ಕೆ ಇನ್ನೊಂದು ಗುಣವಿದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಬ್ಬಿಯ ಮೇಲೆ 'ಡಾಟ್ 4' ಎಂದು ಬರೆದ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ದ್ರವ ಶೇಕಡಾ 3.7ರಷ್ಟು ನೀರು ಹೀರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಪೆಡಲ್ ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಮೆತ್ತಗಾಗುವುದಕ್ಕೆ ಈ ಹಳೆಯ ದ್ರವವೂ ಒಂದು ಕಾರಣವಾಗಬಲ್ಲದು. ನೀರು ಸಿಲಿಂಡರಿನ ಗೋಡೆಯನ್ನೂ ತಿನ್ನುತ್ತದೆ. ಗುಳಿಬಿದ್ದ ಗೋಡೆ ಹೊಸ ವಾಷರನ್ನು ಕೆಲವೇ ತಿಂಗಳಲ್ಲಿ ಸವೆಸುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ ಎಂದು ಅನೇಕ ತಯಾರಕರು ಹೇಳುವುದರ ಹಿನ್ನೆಲೆ ಇದು.

2014ರಲ್ಲಿ ಮಾರುತಿ ಸೆಲೇರಿಯೊ ಬಂದ ಮೇಲೆ ಕ್ಲಚ್ ಪೆಡಲೇ ಇಲ್ಲದ, ಯಂತ್ರವೇ ಗೇರು ಬದಲಿಸುವ ಅಗ್ಗದ ಕಾರುಗಳು ನಮ್ಮ ರಸ್ತೆಗಳಲ್ಲಿ ಹೆಚ್ಚಿವೆ. ವಿದ್ಯುತ್ ಕಾರುಗಳಿಗಂತೂ ಸಾಮಾನ್ಯವಾಗಿ ಕ್ಲಚ್ಚೇ ಬೇಡ. ಆದರೂ ಮೂರು ಪೆಡಲಿನ ಲಕ್ಷಾಂತರ ಕಾರುಗಳು ಇನ್ನೂ ವರ್ಷಗಟ್ಟಲೆ ಓಡಲಿವೆ. ಅವುಗಳಲ್ಲಿ ಎಷ್ಟೋ ಮನೆಗಳ ಅನ್ನ ಅಡಗಿದೆ. ಗ್ಯಾರೇಜಿನಲ್ಲಿ 'ಪ್ಲೇಟ್ ಹೋಗಿದೆ' ಎಂಬ ಮಾತು ಬಂದಾಗ ಮಾಲೀಕ ವಾದಕ್ಕೆ ಇಳಿಯಬೇಕಾಗಿಲ್ಲ. ಸ್ಲೇವ್ ಸಿಲಿಂಡರ್ ಹೊರಗಿರುವ ಕಾರಾದರೆ ಅದರ ಕೊಂತ ಎಷ್ಟು ಸರಿಯುತ್ತಿದೆ ಎಂದು ಒಮ್ಮೆ ಅಳೆದು ತೋರಿಸುವಂತೆ ಕೇಳಿದರೆ ಸಾಕು. ತನ್ನ ಕೆಲಸ ಬಲ್ಲ ಮೆಕ್ಯಾನಿಕ್ ಅದಕ್ಕೆ ಬೇಸರಪಡುವುದಿಲ್ಲ, ಬ್ಯಾಟರಿ ಹಿಡಿದು ಕಾರಿನ ಕೆಳಗೆ ಇಳಿಯುತ್ತಾನೆ.